ಜುಲೈ ತಿಂಗಳ ಬಾಚಣಿಗೆ

ಆಗಸ್ಟ್ ಒಂಬತ್ತು, ಶನಿವಾರ, ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷಕ್ಕೆ ಇದನ್ನು ಬರೆಯಲು ಕುಳಿತಿದ್ದೇನೆ. ಬರೆಯಲು ಅಪ್ಪಣೆ ಸಿಕ್ಕಿದ್ದು ನಿನ್ನೆ ಸಂಜೆ, ಎರಡು ಷರತ್ತುಗಳ ಮೇಲೆ. ಒಂದು, ಅಪ್ಪಣೆ ಕೊಟ್ಟವರ ಹೆಸರು ಹಾಕಬಾರದು. ಎರಡು, ಕೇಳಿದ್ದನ್ನು ಕಂಡಂತೆ ಬರೆಯಬಾರದು. ಎರಡಕ್ಕೂ ಒಪ್ಪಿದ್ದೇನೆ. ಈಗ ಆರೋಪ ಹೊರಿಸಬಹುದು.

ನಮ್ಮ ದೊಡ್ಡಮ್ಮ ಮೂವತ್ತು ವರ್ಷದಿಂದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದಾರೆ. ಆದರೆ ಜುಲೈ ತಿಂಗಳಲ್ಲಿ ವಿದ್ಯುತ್ತನ್ನು ನಂಬುವುದಿಲ್ಲ!

ಎಲ್ಲ ವಿದ್ಯುತ್ತನ್ನೂ ಅಲ್ಲ. ಮಿಕ್ಸಿ ತಿರುಗಿಸುವ ವಿದ್ಯುತ್ತಿನ ಬಗ್ಗೆ ಅವರಿಗೆ ತಕರಾರಿಲ್ಲ. ಅದು ಜುಲೈನಲ್ಲಿ ಬಂದರೆ ಸಂತೋಷವೇ. ಅವರ ತಕರಾರು ಪಠ್ಯಪುಸ್ತಕದ ವಿದ್ಯುತ್ತಿನ ಮೇಲೆ. ಪ್ಲಾಸ್ಟಿಕ್ ಬಾಚಣಿಗೆಯನ್ನು ಒಣಕೂದಲಿಗೆ ಉಜ್ಜಿ ಕಾಗದದ ಚೂರುಗಳ ಹತ್ತಿರ ಹಿಡಿಯಿರಿ, ಚೂರುಗಳು ಜಿಗಿದು ಬಾಚಣಿಗೆಗೆ ಅಂಟಿಕೊಳ್ಳುತ್ತವೆ ಎಂದು ನಾವೆಲ್ಲ ಓದಿದ್ದೇವಲ್ಲ, ಅದರ ಮೇಲೆ. ಓದಿದ್ದೇವೆ, ಬರೆದಿದ್ದೇವೆ, ಅಂಕವನ್ನೂ ತೆಗೆದುಕೊಂಡಿದ್ದೇವೆ. ಆದರೆ ತೀರ್ಥಹಳ್ಳಿಯಲ್ಲೋ ಹೊಸನಗರದಲ್ಲೋ ಜುಲೈ ತಿಂಗಳಲ್ಲಿ ಅದನ್ನು ಮಾಡಿ ನೋಡಿದವರು ಎಷ್ಟು ಜನ?

"ಒಣಕೂದಲು ಅಂತ ಬರ್ದೋನು ಜುಲೈನಲ್ಲಿ ಈ ಕಡೆ ಬಸ್ ಹತ್ತಿ ಬಂದೋನಲ್ಲ ಕಣೇ" ಎನ್ನುತ್ತಾರೆ ದೊಡ್ಡಮ್ಮ. ನಮ್ಮ ಗಾಳಿಯಲ್ಲಿ ಆ ತಿಂಗಳು ಎಷ್ಟು ತೇವ ಇರುತ್ತದೆ ಎಂದರೆ, ಬಾಚಣಿಗೆಯ ಮೇಲೆ ಹುಟ್ಟಿದ ವಿದ್ಯುದಾವೇಶ ಅರೆಗಳಿಗೆಯೂ ನಿಲ್ಲದೆ ಸೋರಿಹೋಗುತ್ತದೆ. ಇದು ವಿಜ್ಞಾನವೇ. ಹಾಗಾಗಿ ಅವರು ಈ ಪಾಠವನ್ನು ಯಾವತ್ತೂ ಜನವರಿಗೆ ಮುಂದೂಡುತ್ತಾ ಬಂದಿದ್ದಾರೆ. ಈ ಜುಲೈನಲ್ಲಿ ಆ ಹಟದಿಂದಲೇ ಅವರ ಕೈಯಿಂದ ವಿಜ್ಞಾನದ ತರಗತಿ ಹೋಗುವ ಹಂತಕ್ಕೆ ಬಂದಿತ್ತು. ನಾನು ಹೇಳಹೊರಟಿರುವುದು ಅದನ್ನೇ. ಅದಕ್ಕೆ ಮೊದಲು ಆಸಾಮಿ ಎಂಥವರು ಎಂದು ತಿಳಿಯಬೇಕು.

ನಾನು ಅವರ ತಂಗಿಯ ಮಗಳು. ಬಿ.ಎಡ್. ಓದುತ್ತಿದ್ದೇನೆ. ಶಾಲಾ ಅನುಭವಕ್ಕೆಂದು ಜೂನ್ ಹದಿನಾರಕ್ಕೆ ಅವರ ಶಾಲೆಗೇ ಸೇರಿಕೊಂಡೆ, ತೀರ್ಥಹಳ್ಳಿಯ ಅವರ ಬಾಡಿಗೆ ಮನೆಗೂ ಸೇರಿಕೊಂಡೆ. ದಿನಚರಿ ಬರೆಯುವುದು ನನ್ನ ಚಟ. ತಾರೀಕು ಹಾಕುತ್ತೇನೆ, ಎಣಿಸುತ್ತೇನೆ, ಎಣಿಸಿದ್ದನ್ನು ತಿಂಗಳ ಕೊನೆಗೆ ಕೂಡುತ್ತೇನೆ. ಮನೆಯಲ್ಲಿ ಎಲ್ಲರೂ ಇದಕ್ಕೆ ನಗುತ್ತಾರೆ. ನಗದವರು ದೊಡ್ಡಮ್ಮ ಒಬ್ಬರೇ. ಹೋದ ಮೊದಲ ದಿನವೇ, "ಒಳ್ಳೇದಾಯ್ತು, ನಂಗೊಂದು ಜನ ಬೇಕಿತ್ತು" ಎಂದು ಬಾಚಣಿಗೆ ಕೈಗೆ ಕೊಟ್ಟರು.

ಅಂದಿನಿಂದ ದಿನಾ ಬೆಳಿಗ್ಗೆ ಇಬ್ಬರೂ ತಲೆ ಬಾಚಿಕೊಂಡು, ಊಟದ ಮೇಜಿನ ಮೇಲಿನ ಕಾಗದದ ಚೂರುಗಳ ಮೇಲೆ ಬಾಚಣಿಗೆ ಹಿಡಿಯುವುದು.

"ಎಂತಾದ್ರೂ ಅಲ್ಲಾಡ್ತಾ?"

"ಇಲ್ಲ ದೊಡ್ಡಮ್ಮ."

"ಬರಿ."

ಆಗಲಿಲ್ಲ ಎಂದು ಬರೆಯುವುದು. ಆಮೇಲೆ ತಿಂಡಿ. ಒಂದು ದಿನ ನನ್ನ ಸೀನಿನಿಂದ ಒಂದು ಚೂರು ಹಾರಿತು. ಅದನ್ನೂ ಬರೆಯಬೇಕಾಯಿತು: "ಹಾರಿತು, ಕಾರಣ ನೆಗಡಿ."

*

ದೊಡ್ಡಮ್ಮನ ಮೊದಲ ಶಾಲೆ ಸಾಗರ ತಾಲ್ಲೂಕಿನದು, ಕಾರ್ಗಲ್‌ಗೆ ಹತ್ತಿರ. ಇದು ನಾನು ಕಂಡದ್ದಲ್ಲ, ಅವರು ಹೇಳಿದ್ದು (ಷರತ್ತು ಎರಡು). ಮಕ್ಕಳಲ್ಲಿ ಅರ್ಧದಷ್ಟು ವಿದ್ಯುತ್ ಯೋಜನೆಯ ನೌಕರರ ಮಕ್ಕಳು. ಹೊಸ ಟೀಚರು, ಹೊಸ ಸೀರೆ, ಹೊಸ ಬಾಚಣಿಗೆ. ಉಜ್ಜಿದರು, ಹಿಡಿದರು. ಏನೂ ಇಲ್ಲ. ಮತ್ತೆ ಉಜ್ಜಿದರು. ಮಕ್ಕಳು ಮೇಜಿನ ಸುತ್ತ ಮುತ್ತಿಕೊಂಡು ಉಸಿರು ಬಿಗಿಹಿಡಿದಿದ್ದಾರೆ. ಗಂಟೆ ಹೊಡೆಯುವ ಹೊತ್ತಾಗುತ್ತಾ ಬಂತು. ರಾಜ್ಯಕ್ಕೆಲ್ಲ ಕರೆಂಟು ಕಳಿಸುವ ಊರಿನಲ್ಲಿ ಒಂದು ಕಾಗದದ ಚೂರು ಎತ್ತುವಷ್ಟು ಕರೆಂಟು ಹುಟ್ಟಲಿಲ್ಲ!

ಅಷ್ಟರಲ್ಲಿ ಒಂದು ಚೂರು ಟಣ್ಣನೆ ಎದ್ದು ಬಾಚಣಿಗೆಗೆ ತಾಗಿತು. ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು. ದೊಡ್ಡಮ್ಮನಿಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಆಗ ನೋಡಿದರೆ, ಮೇಜಿನ ಅಂಚಿಗೆ ಗಲ್ಲ ಊರಿಕೊಂಡಿದ್ದ ಒಬ್ಬ ಹುಡುಗ ತುಟಿ ಮುಂದೆ ಮಾಡಿ, ಯಾರಿಗೂ ಕಾಣದ ಹಾಗೆ ಕೆಳಗಿನಿಂದ ಊದುತ್ತಿದ್ದಾನೆ.

"ಯಾಕೋ ಊದಿದೆ?"

"ಪಾಪ, ನಿಮ್ಗೆ ಆಗ್ತಾ ಇರ್ಲಿಲ್ಲ ಟೀಚರ್."

ಅವತ್ತೇ ದೊಡ್ಡಮ್ಮ ಕರಿಹಲಗೆಯ ಮೇಲೆ ಒಂದು ವಾಕ್ಯ ಬರೆದರಂತೆ, ಆಮೇಲೆ ಹೋದ ಪ್ರತಿ ಶಾಲೆಯಲ್ಲೂ ಜೂನ್ ಮೊದಲ ದಿನ ಅದನ್ನೇ ಬರೆಯುತ್ತಾರೆ: 'ಆದದ್ದನ್ನು ಆಯಿತು ಎಂದು, ಆಗದ್ದನ್ನು ಆಗಲಿಲ್ಲ ಎಂದು ಬರೆಯತಕ್ಕದ್ದು.' ಪರೀಕ್ಷೆಯಲ್ಲಿ ಪುಸ್ತಕದ ಉತ್ತರ ಬರೆಯಬಹುದು, ಅದು ಪರೀಕ್ಷೆ. ಅವರ ಮುಂದೆ ಮಾತ್ರ ಬರೆಯುವ ಹಾಗಿಲ್ಲ.

ಎರಡನೆಯ ಶಾಲೆ ಹೊಸನಗರ ತಾಲ್ಲೂಕಿನದು. ಅಲ್ಲಿ ಅವರು ಪಾಠಗಳನ್ನು ಪುಸ್ತಕದ ಕ್ರಮ ಬಿಟ್ಟು ಹವೆಯ ಕ್ರಮಕ್ಕೆ ಜೋಡಿಸಿಕೊಂಡರು. ಮಸೂರದಿಂದ ಬಿಸಿಲು ಕೂಡಿಸಿ ಕಾಗದ ಸುಡುವುದು ಫೆಬ್ರವರಿಗೆ. ಆವಿಯಾಗುವಿಕೆ ಮಾರ್ಚಿಗೆ. ಜೂನ್, ಜುಲೈ ಪೂರ್ತಿ ಜೀವವಿಜ್ಞಾನ, ಯಾಕೆಂದರೆ ಮಾದರಿಗಳು ತಾವಾಗಿಯೇ ನಡೆದು ತರಗತಿಗೆ ಬರುತ್ತವೆ. ಶಿಲೀಂಧ್ರ ಬೆಳೆಸಲು ಒದ್ದೆ ಬ್ರೆಡ್ಡನ್ನು ಕೆಲವು ದಿನ ಕತ್ತಲಲ್ಲಿಡಿ ಎನ್ನುತ್ತದೆ ಪುಸ್ತಕ. ಹೊಸನಗರದಲ್ಲಿ ಪುಸ್ತಕದ ಮೇಲೆಯೇ ಶಿಲೀಂಧ್ರ ಬೆಳೆದಿತ್ತಂತೆ. 'ಚಿತ್ರ ಎರಡು ನೋಡಿ' ಎನ್ನುವ ಬದಲು ದೊಡ್ಡಮ್ಮ 'ಚಿತ್ರ ಎರಡರ ಮೇಲೆ ಕೂತಿದ್ದನ್ನು ನೋಡಿ' ಎಂದರಂತೆ.

ಇನ್ನು ಉಂಬಳದ, ಅಂದರೆ ಜಿಗಣೆಯ, ಪಾಠ. ಅದನ್ನು ಹೇಳಿದ್ದು ದೊಡ್ಡಮ್ಮನಲ್ಲ, ಆಗ ಅಲ್ಲಿ ಹೆಡ್ಮಾಸ್ಟರಾಗಿದ್ದವರು. ಮದುವೆಯೊಂದರಲ್ಲಿ ಸಿಕ್ಕಿದಾಗ, ಪಂಚೆ ಸ್ವಲ್ಪ ಎತ್ತಿ ಹಿಮ್ಮಡಿಯ ಮೇಲಿನ ಜಾಗವನ್ನೂ ತೋರಿಸಿದರು. ಅವರು ತರಗತಿ ನೋಡಲು ಬಂದಿದ್ದರು. ಬರುವ ದಾರಿಯಲ್ಲಿ ಒಂದು ಉಂಬಳವೂ ಅವರ ಜೊತೆ ಬಂದಿತ್ತು. ಕಂಡೊಡನೆ ಅವರು ಕಾಲು ಕೊಡವಲು ಹೋದರು.

"ಸಾರ್, ಅಲ್ಲಾಡಬೇಡಿ" ಎಂದರು ದೊಡ್ಡಮ್ಮ. "ಮಕ್ಕಳು ಮುಂದಿನ ಹೀರುಬಟ್ಟಲು ಮಾತ್ರ ನೋಡಿದಾರೆ. ಹಿಂದಿಂದು ಇನ್ನೂ ಬಾಕಿ."

"ಮೇಡಂ, ರಕ್ತ ಹೋಗ್ತಾ ಇದೆ!"

"ಹೌದು ಸಾರ್, ಅದು ಮುಂದಿನ ಪುಟದಲ್ಲಿ ಬರ್ತದೆ."

ಮೂವತ್ತೆಂಟು ಮಕ್ಕಳು ಸಾಲಾಗಿ ಬಂದು ಹೆಡ್ಮಾಸ್ಟರ ಕಾಲು ನೋಡಿಹೋದರು. "ಜೀವನದಲ್ಲಿ ನಂಗೆ ಅಷ್ಟು ಮರ್ಯಾದೆ ಮತ್ತೆ ಸಿಗಲಿಲ್ಲ ಬಿಡಮ್ಮ" ಎಂದರು ಅವರು.

ಜನವರಿ ಬಂದರೆ ದೊಡ್ಡಮ್ಮ ಬೇರೆಯೇ ಮನುಷ್ಯರು. ಚಳಿಗಾಲದ ಒಣ ಬೆಳಗು, ಕೈಗೆ ಸಿಕ್ಕಿದ್ದಕ್ಕೆಲ್ಲ ಆವೇಶ ತುಂಬುವುದೇ ಕೆಲಸ. ಸಾಗರದಲ್ಲಿ ನಮ್ಮ ಕಸಿನ್ ಒಬ್ಬಳ ನಿಶ್ಚಿತಾರ್ಥ ಜನವರಿಯಲ್ಲಿತ್ತು. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅಲಂಕಾರಕ್ಕೆ ಕಟ್ಟಿದ್ದ ಬಲೂನು ಒಂದನ್ನು ಬಿಚ್ಚಿ ತಂದು, "ಸ್ವಲ್ಪ ತಲೆ ಬಗ್ಸಪ್ಪಾ" ಎಂದು ವರನ ಕೂದಲಿಗೆ ಉಜ್ಜಿ ಗೋಡೆಗೆ ಒತ್ತಿದರು. ಬಲೂನು ಗೋಡೆಗೆ ಅಂಟಿ ನಿಂತಿತು. ಗಂಡಿನ ಕಡೆಯವರು ಗಂಭೀರವಾಗಿ ನೋಡಿದರು. ಇದು ಹೆಣ್ಣಿನ ಕಡೆಯ ಶಾಸ್ತ್ರವಿರಬೇಕೆಂದು ತಿಳಿದು, ವರನ ತಮ್ಮನ ತಲೆಯನ್ನೂ ಬಗ್ಗಿಸಿದರು! ಅವನ ನಂತರ ಸೋದರಮಾವ. ಊಟದ ಹೊತ್ತಿಗೆ ಗೋಡೆಯ ಮೇಲೆ ಐದು ಬಲೂನು.

ನಗು ಬರುತ್ತದಲ್ಲವೇ? ಈ ವರ್ಷ ಅಷ್ಟು ನಗು ಬರಲಿಲ್ಲ.

*

ಈಗ ಅವರಿರುವುದು ಅರಳಸುರಳಿಯ ಕಡೆಗೆ ಹೋಗುವ ದಾರಿಯಲ್ಲಿರುವ ಒಂದು ಹೈಸ್ಕೂಲಿನಲ್ಲಿ. ನಿವೃತ್ತಿಗೆ ಎರಡು ವರ್ಷವಿದೆ. ಎಂಟನೇ ತರಗತಿಯಲ್ಲಿ ಇಪ್ಪತ್ತೇಳು ಮಕ್ಕಳು. ಯಾವ ತಿಂಗಳು ಯಾವ ಪಾಠ ಎಂದು ಗೊತ್ತುಮಾಡುವ ಪಾಠ ಹಂಚಿಕೆಯಲ್ಲಿ ಈ ಸಲ ಬಾಚಣಿಗೆಯ ಪಾಠ ಬಿದ್ದದ್ದು ಜುಲೈ ತಿಂಗಳಿಗೆ. ಆ ತಿಂಗಳ ಕೊನೆಗೆ ಅದರ ಮೇಲೆಯೇ ಪರೀಕ್ಷೆ.

ಹೆಡ್ಮಾಸ್ಟರು ಒಳ್ಳೆಯವರು, ಸುಮ್ಮನೆ ಹೆದರುವವರು. ಜೂನ್ ಕೊನೆಯ ವಾರ ದೊಡ್ಡಮ್ಮನನ್ನು ಕರೆದರು. ನಾನೂ ಹಿಂದೆ ನಿಂತಿದ್ದೆ.

"ಮೇಡಂ, ಹೋದ ವರ್ಷ ಮಕ್ಕಳು ಅರ್ಧವಾರ್ಷಿಕದಲ್ಲಿ ಆ ಪ್ರಶ್ನೆ ಹಾಗೇ ಬಿಟ್ಟು ಬಂದ್ರು. ಪೋಷಕರು ಬಂದು ಕೇಳಿದ್ರು. ಈ ಸಲ ಹಂಚಿಕೆ ಪ್ರಕಾರ ಹೋಗದಿದ್ರೆ ಎಂಟನೇ ಕ್ಲಾಸಿನ ವಿಜ್ಞಾನ ಸರ್‌ಗೆ ಕೊಡ್ಬೇಕಾಗ್ತದೆ. ನಿಮ್ಗೆ ಲೈಬ್ರರಿ ಮತ್ತೆ ತೋಟಗಾರಿಕೆ."

ಸರ್ ಎಂದರೆ ಹೊಸದಾಗಿ ಬಂದ ಇನ್ನೊಬ್ಬ ವಿಜ್ಞಾನದ ಮೇಷ್ಟ್ರು. ಸಂಭಾವಿತ ಹುಡುಗ. ಸ್ಮಾರ್ಟ್ ಬೋರ್ಡಿನಲ್ಲಿ ಎಲ್ಲ ಪ್ರಯೋಗದ ವಿಡಿಯೋ ತೋರಿಸುತ್ತಾನೆ. ಅವನೂ ಪಾಪ, "ಮೇಡಂ, ಒಂದ್ಸಲ ವಿಡಿಯೋ ಹಾಕ್ಬಿಡಿ, ಮೂರೇ ನಿಮಿಷ" ಎಂದು ಬೇಡಿಕೊಂಡ.

"ನಿಮ್ಮ ವಿಡಿಯೋದಲ್ಲಿ ಬಾಚಣಿಗೆ ಯಾವತ್ತಾದ್ರೂ ಸೋತಿದ್ದು ಉಂಟಾ?" ಎಂದು ಕೇಳಿದರು ದೊಡ್ಡಮ್ಮ.

"ಇಲ್ಲ ಮೇಡಂ."

"ಮತ್ತೆ ಅದು ಪ್ರಯೋಗ ಹ್ಯಾಂಗಾಗ್ತದೆ ಮಾರಾಯ? ಸಿನಿಮಾ ಅದು."

ಬಸ್ಸಿನಲ್ಲಿ ಕೂತಾಗ ಮಾತ್ರ ಅವರು ಆಡಿದ ಮಾತು ಬೇರೆ. "ಲೈಬ್ರರೀಲಿ ಎಂತ ಮಾಡ್ಲೇ ನಾನು? ಮಕ್ಕಳು ಪ್ರಶ್ನೆ ಕೇಳೋದು ಕ್ಲಾಸಲ್ಲಿ." ಕಿಟಕಿಯ ಗಾಜು ಮಬ್ಬಾಗಿತ್ತು. ಬೆರಳಿನಿಂದ ಅದರ ಮೇಲೆ ಬಾಚಣಿಗೆಯ ಚಿತ್ರ ಬರೆದರು, ಒರೆಸಿದರು.

ಆಮೇಲೆ ಅವರು ಹಾಕಿದ ಲೆಕ್ಕಾಚಾರ ಇದು. ಜುಲೈನಲ್ಲಿ ಇದು ಆಗುವುದಿಲ್ಲ ಎಂಬುದಕ್ಕೆ ತಾವೊಬ್ಬರು ಹೇಳಿದರೆ ಹಟ ಎನ್ನುತ್ತಾರೆ. ಇಪ್ಪತ್ತೇಳು ಮಕ್ಕಳು ಇಪ್ಪತ್ತೇಳು ಮನೆಯಲ್ಲಿ ಮಾಡಿ ನೋಡಿದರೆ? ಅದು ಹಟವಲ್ಲ, ಪುರಾವೆ. ಜುಲೈ ಎಂಟಕ್ಕೆ ಮಕ್ಕಳಿಗೆ ಮನೆಗೆಲಸ ಕೊಟ್ಟರು: ಒಂದು ವಾರ ದಿನಾ ಬಾಚಣಿಗೆ ಉಜ್ಜಿ ನೋಡಿ, ಎಲ್ಲಿ ಬೇಕಾದರೂ ಮಾಡಿ, ಕಂಡದ್ದನ್ನು ಬರೆಯಿರಿ. ಹದಿನಾರನೇ ತಾರೀಕು ಪುಸ್ತಕಗಳು ಬಂದವು. ಆ ಸಂಜೆ ಮನೆಯಲ್ಲಿ ಕೂತು ಒಂದೊಂದೇ ತೆರೆದೆವು. ಆಗಲಿಲ್ಲ. ಆಗಲಿಲ್ಲ. ಆಗಲಿಲ್ಲ. ಇಪ್ಪತ್ತೇಳಕ್ಕೆ ಇಪ್ಪತ್ತೇಳೂ.

ದೊಡ್ಡಮ್ಮನ ಮುಖ ನೋಡಬೇಕಿತ್ತು! "ನೋಡು, ಒಬ್ರೂ ಪುಸ್ತಕ ನೋಡಿ ಬರ್ದಿಲ್ಲ. ಒಬ್ರೂ! ಬೇರೆ ಯಾವ ಶಾಲೇಲಾದ್ರೂ ಹೀಗೆ ಬರೀತಾರಾ ಹೇಳು?" ಎಂದು ಮೂರು ಸಲ ಕೇಳಿದರು. ಮರುದಿನ ಹದಿನೇಳನೇ ತಾರೀಕು, ಗುರುವಾರ, ಜಿಲ್ಲೆಯಿಂದ ವಿಜ್ಞಾನದ ಪರಿವೀಕ್ಷಕರು ಬರುವವರಿದ್ದರು. ಎಂಟನೇ ಕ್ಲಾಸು ಯಾರ ಕೈಯಲ್ಲಿರಬೇಕು ಎಂಬುದು ಅವರೆದುರೇ ತೀರ್ಮಾನವಾಗಲಿ ಎಂದು ಹೆಡ್ಮಾಸ್ಟರು ಹೇಳಿದ್ದರು. ದೊಡ್ಡಮ್ಮ ಇಪ್ಪತ್ತೇಳು ಪುಸ್ತಕಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಅದರ ಮೇಲೆ ಇನ್ನೊಂದು ಚೀಲ ಸುತ್ತಿ, ಮಲಗಲು ಹೋದರು.

*

ಪರಿವೀಕ್ಷಕರು ಬಳ್ಳಾರಿ ಕಡೆಯವರು. ನಮ್ಮ ಜಿಲ್ಲೆಗೆ ಬಂದು ಒಂದು ತಿಂಗಳಾಗಿತ್ತಷ್ಟೆ. ಅವರ ಒದ್ದೆ ಷೂ ಶಾಲೆಯ ವರಾಂಡದಲ್ಲಿ ಪ್ರತಿ ಹೆಜ್ಜೆಗೂ ಪಚಕ್ ಎನ್ನುತ್ತಿತ್ತು. ಸಿಡುಕಿನ ಮನುಷ್ಯರಲ್ಲ, ಆದರೆ ದೊಡ್ಡಮ್ಮನ ವಾದ ಅವರ ತಲೆಗೆ ಹೋಗಲೊಲ್ಲದು.

"ಹಣಗಿಗೆ ಹಾಳಿ ಚೂರು ಹತ್ತೂದಿಲ್ಲ ಅಂದ್ರ ಹ್ಯಾಂಗ್ರೀ ಮೇಡಂ? ನಮ್ಮ ಕಡೆ ಅಂಗಿ ಕಳಿಯೂಮುಂದ ಚಟಪಟ ಅಂತೈತ್ರಿ. ಹಣಗಿ ಹಿಡದ್ರ ಕೂದಲಾನ ಎದ್ದ ನಿಲ್ತಾವ."

"ಇಲ್ಲಿ ಹಿಡಿದು ನೋಡಿ ಸಾರ್."

ತರಗತಿಯಲ್ಲಿ ಮಕ್ಕಳ ಮುಂದೆ ಹಿಡಿದರು. ಮೊದಲು ದೊಡ್ಡಮ್ಮ. ಆಗಲಿಲ್ಲ. ಆಮೇಲೆ ಪರಿವೀಕ್ಷಕರು ತಾವೇ ಬಾಚಣಿಗೆ ತೆಗೆದುಕೊಂಡರು. ಅವರ ತಲೆಯಲ್ಲಿ ಉಜ್ಜಲು ಹೆಚ್ಚು ಸಾಮಗ್ರಿ ಇರಲಿಲ್ಲ. ಇದ್ದಷ್ಟನ್ನು ಶ್ರದ್ಧೆಯಿಂದ ಉಜ್ಜಿದರು. ಆಗಲಿಲ್ಲ. ದೊಡ್ಡಮ್ಮ ಪುಸ್ತಕಗಳ ಕಟ್ಟು ಬಿಚ್ಚಿ ಮೇಜಿನ ಮೇಲಿಟ್ಟರು. "ನಾನೊಬ್ಳೇ ಅಲ್ಲ ಸಾರ್, ಇವ್ರೂ ನೋಡಿದಾರೆ. ಇಪ್ಪತ್ತೇಳು ಮನೆ."

ಪರಿವೀಕ್ಷಕರು ನಾಲ್ಕೈದು ಪುಸ್ತಕ ತಿರುವಿದರು. ನಿಟ್ಟುಸಿರು ಬಿಟ್ಟರು.

"ನಿಮ್ಮ ಮಾತು ಖರೇ ಇರಬಹುದ್ರಿ. ಆದ್ರ ಪರೀಕ್ಷಾದಾಗ ಪ್ರಶ್ನಿ ಬರತೈತಿ, ಹುಡುಗ್ರು ಆಗಲಿಲ್ಲ ಅಂತ ಬರದ್ರ ಸೊನ್ನಿ ಬೀಳತೈತಿ. ನಾ ಏನ್ ಮಾಡ್ಲಿ? ಈ ವರ್ಷದ ಮಟ್ಟಿಗೆ ಎಂಟನೇತ್ತಾ ಆ ಸರ್‌ಗೆ ಕೊಡೂಣ್ರಿ. ತಪ್ಪ ತಿಳಕೋಬ್ಯಾಡ್ರಿ."

ಹೆಡ್ಮಾಸ್ಟರು ನೆಲ ನೋಡಿದರು. ಆ ಸರ್ ಕೂಡ ನೆಲ ನೋಡಿದ. ದೊಡ್ಡಮ್ಮ, "ಆಯ್ತು ಸಾರ್" ಎಂದು ಪುಸ್ತಕಗಳನ್ನು ಜೋಡಿಸತೊಡಗಿದರು. ನಾನು ಹಿಂದಿನ ಬೆಂಚಿನಲ್ಲಿದ್ದೆ. ಮಕ್ಕಳು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಎರಡನೇ ಸಾಲಿನಿಂದ ಒಂದು ಕೈ ಅರ್ಧ ಎದ್ದಿತು, ಇಳಿಯಿತು, ಪಕ್ಕದವಳು ತಿವಿದಳು, ಮತ್ತೆ ಎದ್ದಿತು. ಸಿಂಚನಾ ಎಂಬ ಹುಡುಗಿ. ನಡೆದೇ ಶಾಲೆಗೆ ಬರುವವಳು, ದಿನಾ ಮಳೆಗೆ ತೊಯ್ದು ತೊಪ್ಪೆಯಾಗಿ ಬಂದು ಮುಟ್ಟುವವಳು.

"ಟೀಚರ್... ಅಡ್ಗೆಮನೇಲಿ ಆಗ್ತದೆ."

"ಎಂತ ಆಗ್ತದೆ?"

"ಬಾಚಣಿಗೆ."

ಇಡೀ ಮೆರವಣಿಗೆ ಬಿಸಿಯೂಟದ ಕೋಣೆಗೆ ಹೊರಟಿತು: ಮುಂದೆ ಸಿಂಚನಾ, ಹಿಂದೆ ಪಚಕ್ ಪಚಕ್ ಎಂದು ಪರಿವೀಕ್ಷಕರು, ಅವರ ಹಿಂದೆ ಹೆಡ್ಮಾಸ್ಟರು, ದೊಡ್ಡಮ್ಮ, ಇಪ್ಪತ್ತಾರು ಮಕ್ಕಳು, ಕೊನೆಗೆ ನಾನು. ಅಡುಗೆಯ ಅಕ್ಕ ಸೌಟು ಹಿಡಿದು ಬಾಗಿಲಲ್ಲೇ ತಡೆದಳು. "ಮತ್ತೆ ಬಂದ್ರಾ? ಅನ್ನ ಇನ್ನೂ ಆಗ್ಲಿಲ್ಲ. ನನ್ನ ಉಪ್ಪಿನ ಡಬ್ಬಿ ಜಾಗಕ್ಕೆ ಯಾರೂ ಕೈ ಹಾಕ್ಬೇಡಿ ಅಂತ ಎಷ್ಟು ಸಲ ಹೇಳೋದು?" ಆಮೇಲೆ ಷೂ ಹಾಕಿದವರನ್ನು ಕಂಡು ದಾರಿ ಬಿಟ್ಟಳು.

ಅನ್ನದ ಹಂಡೆಗೆ ಅಲ್ಲಿ ಸೌದೆ ಒಲೆ. ಒಲೆಯ ಹಿಂದೆ ಗೋಡೆಗೆ ತಾಗಿ ಒಂದು ಕಟ್ಟೆ. ಇಡೀ ಶಾಲೆಯಲ್ಲಿ ಜುಲೈನಲ್ಲಿ ಒಣಗಿರುವ ಜಾಗ ಅದೊಂದೇ. ಉಪ್ಪು, ಬೆಂಕಿಪೊಟ್ಟಣ ಅಲ್ಲಿ. ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆ ಸಿಂಚನಾ ಆ ಕಟ್ಟೆಗೆ ಬೆನ್ನು ಕೊಟ್ಟು ಕೂತು ತಲೆ ಒಣಗಿಸಿಕೊಳ್ಳುತ್ತಿದ್ದಳಂತೆ, ಅಲ್ಲೇ ಬಾಚಿಕೊಳ್ಳುತ್ತಿದ್ದಳಂತೆ. ಈಗಲೂ ಹಾಗೇ ಕೂತಳು. ಜಡೆ ಬಿಚ್ಚಿ ಒಲೆಯ ಬಿಸಿಗೆ ಹಿಡಿದಳು. ನಾವೆಲ್ಲ ಹೊಗೆಯಲ್ಲಿ ಕಣ್ಣುಜ್ಜಿಕೊಳ್ಳುತ್ತಾ ಕಾದೆವು. ಬಾಚಣಿಗೆ ಕಟ್ಟೆಯ ಮೇಲೆ ಬೆಚ್ಚಗಾಗುತ್ತಿತ್ತು. ನಂತರ ನಾಲ್ಕು ಸಲ ಬಾಚಿ, ಕಟ್ಟೆಯ ಮೇಲೆ ಬಿದ್ದಿದ್ದ ಬೆಳ್ಳುಳ್ಳಿ ಸಿಪ್ಪೆಯ ಹತ್ತಿರ ಹಿಡಿದಳು.

ಸಿಪ್ಪೆ ಎದ್ದು ನಿಂತಿತು. ಜಿಗಿದು ಬಾಚಣಿಗೆಗೆ ಅಂಟಿತು. ಅದರ ಹಿಂದೆ ಇನ್ನೊಂದು. ಮತ್ತೊಂದು.

"ಆತಲ್ರೀ!" ಎಂದು ಕೂಗಿದರು ಪರಿವೀಕ್ಷಕರು. "ಜುಲೈದಾಗ ಆತಲ್ರೀ!" ಹೆಡ್ಮಾಸ್ಟರು ಜನ್ಮದಲ್ಲಿ ಮೊದಲ ಸಲ ಚಪ್ಪಾಳೆ ತಟ್ಟಿದರು. ಪಾಠ ಆಯಿತು, ಪ್ರಯೋಗ ಆಯಿತು, ಅದೂ ಮಕ್ಕಳೇ ಕಂಡುಕೊಂಡ ಪ್ರಯೋಗ. ಎಂಟನೇತ್ತಾ ಮೇಡಂ ಹತ್ರಾನ ಇರ್ಲಿ ಎಂದು ಪರಿವೀಕ್ಷಕರು ಅಲ್ಲೇ ಹೇಳಿದರು. ಅಡುಗೆಯ ಅಕ್ಕ ಕೊಟ್ಟ ಚಹಾ ಕುಡಿದು, ಷೂ ಬಿಚ್ಚಿ ಒಲೆಯ ಹತ್ತಿರ ಇಟ್ಟರು.

ಮಕ್ಕಳು ಮಾತ್ರ ದೊಡ್ಡಮ್ಮನನ್ನೇ ನೋಡುತ್ತಿದ್ದರು. ದೊಡ್ಡಮ್ಮ ಬಾಚಣಿಗೆಯನ್ನು ಕೈಗೆ ತೆಗೆದುಕೊಂಡು ಸಿಪ್ಪೆ ನೋಡುತ್ತಿದ್ದರು.

"ಎಷ್ಟು ದಿನ ಆಯ್ತು ಇದು ಕಂಡು?"

"ಎಂಟು ದಿನ, ಟೀಚರ್."

"ಮತ್ತೆ ನಿನ್ನ ಪುಸ್ತಕದಲ್ಲಿ ಆಗಲಿಲ್ಲ ಅಂತ ಬರ್ದಿದ್ಯಲ್ಲೇ?"

ಸಿಂಚನಾ ತಲೆ ತಗ್ಗಿಸಿದಳು. ಬಿಚ್ಚಿದ ಕೂದಲು ಮುಖ ಮುಚ್ಚಿತು.

"ಹೇಳು, ಬೈಯಲ್ಲ."

"ಆಯ್ತು ಅಂದ್ರೆ ನಿಮ್ಗೆ ಬೇಜಾರಾಗ್ತದೆ ಅಂತ."

ದೊಡ್ಡಮ್ಮ ಉಳಿದವರ ಕಡೆ ತಿರುಗಿದರು. "ಬೇರೆ ಯಾರಿಗೆಲ್ಲ ಗೊತ್ತಿತ್ತು?"

ಒಬ್ಬ ಹುಡುಗ ಕೈ ಎತ್ತಿದ. ಇನ್ನೊಬ್ಬಳು. ಆಮೇಲೆ ಕೈಗಳು ಒಂದರ ಹಿಂದೆ ಒಂದು ಎದ್ದವು. ನಾನು ಎಲ್ಲವನ್ನೂ ಎಣಿಸುವವಳು. ಅವತ್ತು ಆ ಕೈಗಳನ್ನು ಎಣಿಸಲಿಲ್ಲ.

*

ಗೆದ್ದು ಬಂದವರ ಮನೆಯ ಹಾಗಿರಲಿಲ್ಲ ಅದು. ಸಂಜೆ ಬಸ್ಸಿನಲ್ಲಿ ದೊಡ್ಡಮ್ಮ ಒಂದೇ ಮಾತು ಆಡಿದರು: "ಆ ಮಗು ನಂಗೋಸ್ಕರ ಸುಳ್ಳು ಬರೀತಲ್ಲೇ." ನಾನು ಸಮಾಧಾನಕ್ಕೆ, ಒಳ್ಳೆಯ ಮನಸ್ಸಿನಿಂದ ಬರೆದದ್ದಲ್ಲವೇ ದೊಡ್ಡಮ್ಮ ಎಂದೆ. "ಒಳ್ಳೆ ಮನಸ್ಸಿಂದ ಬರೆದ ಸುಳ್ಳೇ ಕಣೇ ಗಟ್ಟಿ" ಎಂದರು. ರಾತ್ರಿ ಊಟ ಅರ್ಧಕ್ಕೇ ಎದ್ದರು.

ಮರುದಿನ, ಜುಲೈ ಹದಿನೆಂಟು, ಮೊದಲ ಪೀರಿಯಡ್. ದೊಡ್ಡಮ್ಮ ಹಾಜರಿ ಕೂಗಿ, ಕರಿಹಲಗೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದರು: 'ಟೀಚರ್ ಹೇಳಿದ್ದು ಒಂದು, ನಾವು ಕಂಡದ್ದು ಒಂದು.' ಕೆಳಗೆ ಗೆರೆ ಎಳೆದು, ಸೀಮೆಸುಣ್ಣ ಹಿಡಿದು ಮಕ್ಕಳ ಕಡೆ ತಿರುಗಿದರು.

"ಇಲ್ಲಿಗೆ ಬಂದ ಮೇಲೆ ನಾನು ಹೇಳಿದ್ದರಲ್ಲಿ ಯಾವುದೆಲ್ಲ ನೀವು ಬೇರೆ ಥರ ಕಂಡಿದ್ದೀರಿ? ಹೇಳ್ತಾ ಹೋಗಿ. ಬರೀತೇನೆ."

ಚಾವಣಿಯ ಶೀಟಿನ ಮೇಲೆ ಮಳೆ ಬೀಳುತ್ತಲೇ ಇತ್ತು. ಕೊನೆಗೆ ಹಿಂದಿನಿಂದ ಒಂದು ಧ್ವನಿ:

"ಹಾವಿಗೆ ಕಿವಿ ಕೇಳ್ಸಲ್ಲ ಅಂದ್ರಿ ಟೀಚರ್. ನಮ್ಮನೆ ಕೊಟ್ಟಿಗೇಲಿ ಅಜ್ಜ ಕೂಗಿದ್ರೆ ಓಡ್ತದೆ."

"ಅಜ್ಜ ಕಾಲು ಬಡಿದಿದ್ರಾ?"

"ಇಲ್ಲ, ಮಲಗಿದ್ರು."

ದೊಡ್ಡಮ್ಮ ಬರೆದರು: ಒಂದು, ಹಾವು.

"ಮಿಂಚು ಕಂಡ ಮೇಲೆ ಗುಡುಗು ಬರೋವರೆಗೆ ಎಣಿಸಿದ್ರೆ ದೂರ ಗೊತ್ತಾಗ್ತದೆ ಅಂದ್ರಿ. ಎರಡು ಮಿಂಚು ಒಟ್ಟೊಟ್ಟಿಗೆ ಬಂದ್ರೆ ಯಾವ ಗುಡುಗು ಯಾವುದ್ರದ್ದು? ನಂಗೆ ಗೊತ್ತಾಗ್ಲೇ ಇಲ್ಲ."

ಎರಡು, ಮಿಂಚು.

"ಉಂಬಳ ಕಚ್ಚಿದ್ದು ಗೊತ್ತೇ ಆಗಲ್ಲ ಅಂದ್ರಿ. ನಂಗೆ ಗೊತ್ತಾಗ್ತದೆ."

"ಸುಳ್ಳು ಟೀಚರ್, ಅವನಿಗೆ ಗೊತ್ತಾಗಲ್ಲ, ಕಾಲು ನೋಡ್ತಾನೇ ಇರ್ತಾನೆ!"

"ಹೋಗಾ! ನಿಂಗೆಂತ ಗೊತ್ತು?"

ಮೂರು, ಉಂಬಳ. (ಪರೀಕ್ಷಿಸಬೇಕು.)

ಬಾಯಿ ಬಿಟ್ಟಿತು ನೋಡಿ, ಆಮೇಲೆ ತಡೆಯುವವರಿಲ್ಲ! ಹಲಗೆಯ ಎಡಭಾಗ ತುಂಬಿತು. ಒಬ್ಬಳು ಎದ್ದು, "ಬೈಯಲ್ಲ ಅಂತ ಹೋದ್ಸಲಾನೂ ಹೇಳಿದ್ರಿ, ಆಮೇಲೆ ಬೈದ್ರಿ" ಎಂದಳು. ಅದನ್ನೂ ಬರೆದರು. ಎಲ್ಲರೂ ನಕ್ಕರು. ದೊಡ್ಡಮ್ಮ ನಗಲಿಲ್ಲ. ಹಲಗೆಯ ಕಡೆಯೇ ಮುಖ ಮಾಡಿ, ಬರೆದು ಮುಗಿದ ಮೇಲೂ ತುಸು ಹೊತ್ತು ಹಾಗೇ ನಿಂತಿದ್ದರು. ಸೆರಗಿನ ತುದಿಯನ್ನು ಕಣ್ಣಿಗೆ ಒತ್ತಿಕೊಂಡದ್ದು ಹಿಂದಿನ ಬೆಂಚಿನಿಂದ ಕಾಣುತ್ತಿತ್ತು. ಸೀಮೆಸುಣ್ಣದ ಪುಡಿ ಎಂದು ಆಮೇಲೆ ಹೇಳಿದರು. ಇರಬಹುದು. ನಾನು ಕಂಡದ್ದನ್ನು ಬರೆದಿದ್ದೇನೆ.

ಆ ಪಟ್ಟಿಯನ್ನು ಅವರು ಅಳಿಸಲಿಲ್ಲ. ಒಂದೊಂದನ್ನೇ ತೆಗೆದುಕೊಂಡು ಮಕ್ಕಳ ಜೊತೆ ನೋಡುತ್ತಿದ್ದಾರೆ. ಉಂಬಳದ ವಿಷಯದಲ್ಲಿ ಆ ಹುಡುಗ ಸೋತ. ಹಾವಿನ ವಿಷಯದಲ್ಲಿ ಅಜ್ಜನೇ ಸರಿ ಇರಬಹುದು ಎಂದು ದೊಡ್ಡಮ್ಮ ಎಲ್ಲೋ ಓದಿ ತಿಳಿದುಕೊಂಡು ಬಂದು, ತರಗತಿಯಲ್ಲಿ ಹೇಳಿ, ತಮ್ಮ ಹೆಸರಿನ ಮುಂದೆ ತಪ್ಪು ಗುರುತು ಹಾಕಿಕೊಂಡರು. ಪಾಠ ಹಂಚಿಕೆಯನ್ನು ಈ ವರ್ಷ ಒಪ್ಪಿ ಸಹಿ ಹಾಕಿದ್ದಾರೆ.

ನಿನ್ನೆ ಸಂಜೆ ಬಸ್ಸಿಗೆ ಕಾಯುತ್ತಿದ್ದಾಗ ಅವರು ಇದ್ದಕ್ಕಿದ್ದಂತೆ ನನ್ನ ತೋಳು ಹಿಡಿದರು.

"ಮೂವತ್ತು ವರ್ಷ ಕಣೇ. ಕಾರ್ಗಲ್, ಹೊಸನಗರ, ಇಲ್ಲಿ. ಎಷ್ಟು ಮಕ್ಕಳು ನೋಡಿ ಸುಮ್ನಿದ್ವೋ ಏನೋ."

ಬಸ್ಸು ಬಂತು. ಹತ್ತುವಾಗ, "ಬರಿ ಬೇಕಾದ್ರೆ. ನನ್ನ ಹೆಸರು ಹಾಕ್ಬೇಡ. ಕೇಳಿದ್ದನ್ನ ಕಂಡ ಹಾಗೆ ಬರೀಬೇಡ" ಎಂದರು.

ಹಾಗಾಗಿ ಕೇಳುತ್ತಿದ್ದೇನೆ. ಈ ಮೂರು ತಾಲ್ಲೂಕುಗಳ ಯಾವುದೋ ಹೈಸ್ಕೂಲಿನಲ್ಲಿ, ಜೂನ್ ಮೊದಲ ದಿನ ಹಲಗೆಯ ಮೇಲೆ ಒಂದೇ ವಾಕ್ಯ ಬರೆಯುತ್ತಿದ್ದ ವಿಜ್ಞಾನದ ಟೀಚರೊಬ್ಬರ ಹತ್ತಿರ ನೀವು ಕಲಿತಿದ್ದರೆ ಯಾರೆಂದು ನಿಮಗೆ ಈಗಾಗಲೇ ಗೊತ್ತಾಗಿದೆ. ಬಚ್ಚಲ ಒಲೆಯ ಹತ್ತಿರವೋ, ಬಾಣಂತಿ ಕೋಣೆಯಲ್ಲೋ, ಇಸ್ತ್ರಿ ಮಾಡಿದ ಬಟ್ಟೆಯ ಮೇಲೋ, ಅವರು ಆಗುವುದಿಲ್ಲ ಎಂದದ್ದು ಆದದ್ದನ್ನು ನೀವು ಯಾವತ್ತಾದರೂ ಕಂಡು, ಹೇಳದೆ ಉಳಿದಿದ್ದರೆ, ಈ ಪತ್ರಿಕೆಯ ವಿಳಾಸಕ್ಕೆ ಬರೆದು ತಿಳಿಸಿ. ಊರು ಯಾವುದು, ಯಾವ ತಿಂಗಳು, ಏನು ಕಂಡಿರಿ, ಅಷ್ಟು ಸಾಕು. ಅವರಿಗೆ ನಾನು ಓದಿ ಹೇಳುತ್ತೇನೆ.

ಬೇಜಾರಾಗುತ್ತದೆಯೇ ಎಂದು ಕೇಳಬಹುದು. ಆಗುತ್ತದೆ. ಆದರೂ ಬರೆಯಿರಿ.